ಸವಾಲಿಗೆ ಜವಾಬು

ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಮೇಳಗಳು ಎದುರುಬದುರಾದವೆಂದರೆ ಜನ ಚಾಪೆ, ಕೌದಿ ಹಾಸಿಕೊಂಡು ಕೂಡುತ್ತಾರೆ. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ಹಾಡುತ್ತಾರೆ. ನಾಗೇಶಿಯವರದು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂಬ ಪಕ್ಷ. ದಪ್ಪಿನ ಪೆಟ್ಟು, ತುಂತುಣಿಯ ನಾದ, ಹಿಮ್ಮೇಳದವರ ಗೀಗೀ ಸೊಲ್ಲು. ಇವುಗಳ ನಡುವೆ ವಾದ ರಾತ್ರಿಯೆಲ್ಲ ಏರುತ್ತ ಹೋಗುತ್ತದೆ.

ಅದೇನು ಮೆತ್ತನೆಯ ವಾದವಲ್ಲ. ಮಾತು ಕೆಣಕುತ್ತದೆ, ಚುಚ್ಚುತ್ತದೆ. ಆದರೂ ಅದಕ್ಕೊಂದು ಕಟ್ಟಳೆ ಇದೆ. ಎದುರಿನವರು ಹಾಕಿದ ಸವಾಲಿಗೇ ಜವಾಬು ಕೊಡಬೇಕು, ಅದಕ್ಕೆ ಪುರಾಣದ ಆಧಾರ ತೋರಿಸಬೇಕು. ಹಾಕದ ಸವಾಲಿಗೆ ಉತ್ತರ ಹೇಳಿ ಗೆದ್ದೆ ಎಂದರೆ ಮುಂದೆ ಕೂತ ಹಿರಿಯರೇ ಒಪ್ಪುವುದಿಲ್ಲ. ಹಾಗಾಗಿ ಹಾಡುವವರಿಗೆ ಕಂಠದಷ್ಟೇ ಕಿವಿಯೂ ಚುರುಕಾಗಿರಬೇಕು. ಎದುರಾಳಿಯ ಪದ ಮುಗಿಯುವತನಕ ತಮ್ಮ ದಪ್ಪನ್ನು ಕೆಳಗಿಟ್ಟು ಕೇಳಬೇಕು. ರಾಮದುರ್ಗ ತಾಲ್ಲೂಕಿನ ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಇದೇ ಗೀಗೀ ಮಟ್ಟಿನಲ್ಲಿ ದೇಶದ ಮಾತನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ರಾಜಕೀಯವನ್ನು ಬಯಲಿನಲ್ಲಿ ಕೂತು ಕೇಳುವುದು ಈ ಸೀಮೆಗೆ ಹೊಸದಲ್ಲ.

ಈಗ ವಾದ ಮೊಬೈಲಿಗೆ ಬಂದಿದೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಯ ಅಣೆಕಟ್ಟು ಬರಗಾಲದಲ್ಲಿ ಬಣಗುಟ್ಟಿತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಗೋವೆಯ ಕಡೆ ಹರಿಯುವ ಮಹದಾಯಿ ನದಿಯ ಮಾತು ಏಳುತ್ತದೆ. ಕಳಸಾ-ಬಂಡೂರಿ ನಾಲೆಗಳಿಂದ ಮಲಪ್ರಭೆಗೆ 7.56 ಟಿಎಂಸಿ ನೀರು ತಿರುಗಿಸಬೇಕೆಂಬುದು ಕರ್ನಾಟಕದ ಬೇಡಿಕೆಯಾಗಿತ್ತು. 2010ರಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಸಿಕ್ಕಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. ಗುಂಪಿನಲ್ಲಿ ಒಬ್ಬ ರೈತನ ಮಗ "3.9 ಸಾಕಾಗ್ತದೇನ್ರಿ?" ಎಂದು ಕೇಳಿದನೆನ್ನಿ. ಅದು ಲೆಕ್ಕದ ಪ್ರಶ್ನೆ. ಬರುವ ಉತ್ತರ ಮಾತ್ರ, "ನೀ ಯಾವ ಪಕ್ಷದಾಂವ?"

ಹೀಗೆ ಸವಾಲು ಅಲ್ಲೇ ಉಳಿಯುತ್ತದೆ, ಕೇಳಿದವನ ಜಾತಿ, ಪಕ್ಷ, ನಿಯತ್ತು ವಿಚಾರಣೆಗೆ ಬರುತ್ತವೆ. ಗೋವೆಯವರ ಮಾತಿನ ಗತಿಯೂ ಇದೇ. ಮೇಲಿನ ನೀರು ತಿರುಗಿದರೆ ನದಿಯ ಕೆಳಭಾಗಕ್ಕೆ ಸಮುದ್ರದ ಉಪ್ಪು ನುಗ್ಗೀತು, ಅಭಯಾರಣ್ಯ ಸೊರಗೀತು ಎಂಬುದು ಅವರ ಭಯ. ಆ ಭಯಕ್ಕೆ ಅಂಕಿಅಂಶದ ಜವಾಬು ಕೊಡಲು ಸಾಧ್ಯವಿದೆ. ಎಂಟು ವರ್ಷ ನ್ಯಾಯಮಂಡಳಿಯ ಮುಂದೆ ವಕೀಲರು, ತಜ್ಞರು ಮಾಡಿದ್ದು ಅದನ್ನೇ. ಗೋವೆಯವರಿಗೆ ಹೊಟ್ಟೆಕಿಚ್ಚು ಎಂದು ಬರೆದು ಕೈತೊಳೆದುಕೊಂಡರೆ ಮಲಪ್ರಭೆಗೆ ಒಂದು ಹನಿಯೂ ಹೆಚ್ಚಿಗೆ ಬರುವುದಿಲ್ಲ.

ನಮ್ಮ ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆ ಮಾಡುತ್ತವೆ. ನಿಜ ತಿಳಿಯಲು ನಡೆಸುವುದು ವಾದ. ಹೇಗಾದರೂ ಗೆಲ್ಲಲು ನಡೆಸುವುದು ಜಲ್ಪ. ತನ್ನದೇನನ್ನೂ ಮುಂದಿಡದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ಮೂರರಲ್ಲಿ ಮನೆಮಾತಾಗಿ ಉಳಿದದ್ದು ವಿತಂಡವಾದವೆಂಬ ಮಾತು, ಅದೂ ಬೈಗುಳವಾಗಿ. ಶಾಸ್ತ್ರಕಾರರ ಇನ್ನೊಂದು ರೂಢಿಯೂ ಇತ್ತು: ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ಮಾತನ್ನು ಅದರ ಪೂರ್ತಿ ಬಲದೊಂದಿಗೆ ಹೇಳುವುದು; ಆಮೇಲೆ ಸಿದ್ಧಾಂತ.

ಎದುರಾಳಿಯನ್ನು ಹೇಗೆ ಕಾಣಬೇಕೆಂಬುದಕ್ಕೆ ಕಿತ್ತೂರಿನ ಕೋಟೆಯಲ್ಲೊಂದು ಪ್ರಸಂಗವಿದೆ. 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಅಲ್ಲಿನ ಕಾಳಗದಲ್ಲಿ ಸತ್ತ. ಸ್ಟೀವನ್‌ಸನ್, ವಾಲ್ಟರ್ ಎಲಿಯಟ್ ಎಂಬ ಇಬ್ಬರು ಕಂಪನಿ ಅಧಿಕಾರಿಗಳು ಸೆರೆಸಿಕ್ಕರು. ರಾಣಿ ಚೆನ್ನಮ್ಮನ ರಾಜ್ಯವೇ ಹೋಗುವ ಹೊತ್ತು ಅದು. ಆ ಸಿಟ್ಟಿನಲ್ಲೂ ಕಿತ್ತೂರಿನವರು ಸೆರೆಯಾಳುಗಳ ಜೀವಕ್ಕೆ ಕೈಹಾಕಲಿಲ್ಲ. ಡಿಸೆಂಬರ್ ಆರಂಭದಲ್ಲಿ ಇಬ್ಬರನ್ನೂ ಬಿಟ್ಟು ಕಳಿಸಿದರು. ಕೆಲವೇ ದಿನಗಳಲ್ಲಿ ಕಂಪನಿ ಸೈನ್ಯ ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು, ಅವಳ ಸಮಾಧಿ ಅದೇ ಊರಲ್ಲಿದೆ. ಬಿಡುಗಡೆಯಾದ ಎಲಿಯಟ್ ಮುಂದೆ ಕನ್ನಡ ನಾಡಿನ ಊರೂರು ಹುಡುಕಿಸಿ 500ಕ್ಕೂ ಹೆಚ್ಚು ಶಾಸನಗಳನ್ನು ನಕಲು ಮಾಡಿಸಿದ. ಸೆರೆಯಾಳನ್ನು ಕೊಂದಿದ್ದರೆ ನಾಡಿನ ಚರಿತ್ರೆಗೆ ಆ ಶ್ರಮ ದಕ್ಕುತ್ತಿರಲಿಲ್ಲ.

ಇವತ್ತು ನಿಮ್ಮ ಗುಂಪಿನಲ್ಲಿ ಯಾರಾದರೂ ಒಪ್ಪದ ಮಾತು ಬರೆದರೆ, ಜವಾಬಿಗೆ ಮೊದಲು ಅವರ ಸವಾಲನ್ನು ಒಂದು ಸಾಲಿನಲ್ಲಿ ತಿರುಗಿ ಬರೆಯಿರಿ. "ನೀವು ಅಂದದ್ದು ಇದೇ ಹೌದಲ್ರಿ?" ಎಂದು ಕೇಳಿರಿ. ಅವರು ಹೌದೆಂದ ಮೇಲೆ ದಪ್ಪು ಎತ್ತಿಕೊಳ್ಳಿರಿ.