ಉಂಡದ್ದು ಮೈಗೆ ಹತ್ತಲಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಓವರ್‌ಹೆಡ್ ಟ್ಯಾಂಕ್ ತುಂಬಿದ ಮಾತ್ರಕ್ಕೆ ಕೊನೆಯ ಮನೆಯ ನಲ್ಲಿಗೆ ನೀರು ತಲುಪುವುದಿಲ್ಲವೆಂಬುದು ತಮಗೆಲ್ಲ ತಿಳಿದ ಸಂಗತಿ. ಪೋಷಕಾಂಶಗಳ ವಿಷಯವೂ ಹಾಗೆಯೇ. ಅಂಗನವಾಡಿಯ ಊಟ, ಶಾಲೆಯ ಹಾಲು, ಆಶಾ ಕಾರ್ಯಕರ್ತೆಯರು ನೀಡುವ ಮಾತ್ರೆ ಎಲ್ಲವೂ ವಿತರಣೆಯಾಗುತ್ತಿವೆ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ (2019–20) ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳ ಪೈಕಿ ಶೇ. 65.5ರಷ್ಟು, ಗರ್ಭಿಣಿಯರ ಪೈಕಿ ಶೇ. 45.7ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಇದಕ್ಕೆ ಕಾರಣಗಳು ಹಲವು. ಕೊಟ್ಟದ್ದು ಮೈಗೆ ಹತ್ತದಿರುವುದು ಅವುಗಳಲ್ಲೊಂದು.

ಎ, ಡಿ, ಇ ಮತ್ತು ಕೆ ಜೀವಸತ್ವಗಳು ಕೊಬ್ಬಿನಲ್ಲಿ ಕರಗುತ್ತವೆ. ನುಗ್ಗೆಸೊಪ್ಪು, ಪಪ್ಪಾಯಿಗಳಿಂದ ಎ ಜೀವಸತ್ವ ದೊರೆಯಬೇಕಾದರೆ ಅದೇ ಊಟದಲ್ಲಿ ಸ್ವಲ್ಪವಾದರೂ ಎಣ್ಣೆಯಿರಬೇಕು. ಒಗ್ಗರಣೆ ಕೇವಲ ರುಚಿಗಲ್ಲ. ಈ ಜೀವಸತ್ವವನ್ನು ಯಕೃತ್ತು ಕೂಡಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಮಕ್ಕಳಿಗೆ ಎ ಜೀವಸತ್ವದ ದ್ರಾವಣವನ್ನು ಆರು ತಿಂಗಳಿಗೊಮ್ಮೆ ನೀಡಿದರೆ ಸಾಕಾಗುತ್ತದೆ.

ಬಿ ಗುಂಪಿನ ಜೀವಸತ್ವಗಳು ಮತ್ತು ಸಿ ಜೀವಸತ್ವ ನೀರಿನಲ್ಲಿ ಕರಗುತ್ತವೆ. ಸಿ ಜೀವಸತ್ವವು ಕಾವಿಗೂ ನಾಶವಾಗುತ್ತದೆ. ಆದಕಾರಣ ಸೊಪ್ಪನ್ನು ತೊಳೆದ ಬಳಿಕವೇ ಹೆಚ್ಚಬೇಕು. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು. ನಿಂಬೆರಸವನ್ನು ಪಾತ್ರೆ ಒಲೆಯಿಂದ ಇಳಿಸಿದ ನಂತರ ಹಿಂಡಬೇಕು.

ರಾಗಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶದ ಅಲ್ಪ ಭಾಗವನ್ನು ಮಾತ್ರ ಕರುಳು ಹೀರಿಕೊಳ್ಳುತ್ತದೆ. ಜೊತೆಯಲ್ಲಿ ನಿಂಬೆ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಆ ಪ್ರಮಾಣ ಹೆಚ್ಚುತ್ತದೆ. ಚಹಾ, ಕಾಫಿ ಇದ್ದರೆ ಕುಗ್ಗುತ್ತದೆ. ಮೊಳಕೆ ಕಟ್ಟುವುದರಿಂದಲೂ ಅನುಕೂಲವಿದೆ. ಗರ್ಭಿಣಿಯರಿಗೆ 180 ದಿನ ನಿತ್ಯವೂ ನೀಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಚಹಾದೊಡನೆ ಅಥವಾ ಕ್ಯಾಲ್ಸಿಯಂ ಮಾತ್ರೆಯೊಡನೆ ನುಂಗಿದರೆ ಪ್ರಯೋಜನ ತಗ್ಗುತ್ತದೆ. ಎರಡು ಮಾತ್ರೆಗಳ ನಡುವೆ ಕನಿಷ್ಠ ಎರಡು ಗಂಟೆಗಳ ಅಂತರವಿರಬೇಕು.

ಇನ್ನು ನಮ್ಮ ಹೊಣೆಗೆ ನೇರವಾಗಿ ಸೇರಿದ ಮಾತು. ಮಲದಿಂದ ಕಲುಷಿತವಾದ ಮಣ್ಣಿನಲ್ಲಿ ಬೆಳೆಯುವ ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದ ಮೂಲಕ ದೇಹವನ್ನು ಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಕಲುಷಿತ ನೀರಿನಿಂದ ಪದೇ ಪದೇ ಭೇದಿಯಾಗುವ ಮಗುವಿನ ಕರುಳಿನ ಒಳಪದರ ಹಾನಿಗೊಂಡು, ಉಂಡ ಊಟದ ಸಾರವನ್ನು ಹೀರಿಕೊಳ್ಳಲಾರದು. ಚರಂಡಿಯ ಪಕ್ಕದಲ್ಲಿ ಒಡೆದ ಪೈಪನ್ನು ದುರಸ್ತಿಗೊಳಿಸದಿದ್ದರೆ ಮೊಟ್ಟೆ, ಹಾಲುಗಳಿಗೆ ಮಾಡಿದ ವೆಚ್ಚವೂ ಸೋರಿಹೋಗುತ್ತದೆ. ಶುದ್ಧ ನೀರು, ಶೌಚಾಲಯ ಮತ್ತು ಚರಂಡಿಯ ಕಾಮಗಾರಿಗಳು ಪೌಷ್ಟಿಕತೆಯ ಕಾಮಗಾರಿಗಳೂ ಹೌದು.

ಆದ್ದರಿಂದ ಸದಸ್ಯರಲ್ಲಿ ಮೂರು ವಿನಂತಿ. ಅಂಗನವಾಡಿಗೆ ಭೇಟಿ ನೀಡಿದಾಗ ದಾಸ್ತಾನು ವಹಿಯ ಜೊತೆಗೆ ತಟ್ಟೆಯನ್ನೂ ನೋಡಿರಿ. ಸಾರಿಗೆ ಒಗ್ಗರಣೆ, ಊಟಕ್ಕೆ ನಿಂಬೆಹೋಳು ಇದೆಯೇ ಎಂದು ವಿಚಾರಿಸಿರಿ. ಜಂತುಹುಳು ನಿವಾರಣಾ ದಿನದಂದು ಶಾಲೆಗೆ ಬಾರದ ಮಕ್ಕಳಿಗೂ ಮಾತ್ರೆ ತಲುಪುವಂತೆ ನೋಡಿಕೊಳ್ಳಿರಿ. ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಅಂಗನವಾಡಿ ಮತ್ತು ಶಾಲೆಗಳ ನೀರು, ಶೌಚಾಲಯಗಳ ದುರಸ್ತಿಗೆ ಮೊದಲ ಆದ್ಯತೆ ನೀಡಿರಿ.