ಕಾಸಿನ ಚಿತ್ರ, ಕಿಸೆಯ ಚಿತ್ರ

(ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದ ಅಂಗವಾಗಿ ಬೈಕುಲ್ಲಾದಲ್ಲಿ ಏರ್ಪಟ್ಟ ಸಂಘದ ಛಾಯಾಚಿತ್ರ ಪ್ರದರ್ಶನದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಛಾಯಾಚಿತ್ರಕಲೆಯನ್ನು ಕುರಿತು ಮಾತನಾಡಲು ಛಾಯಾಗ್ರಾಹಕನಲ್ಲದ ನನ್ನನ್ನು ಕರೆದಿದ್ದೀರಿ. ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ಈ ವಿಷಯದಲ್ಲಿ ಇರುವ ಅರ್ಹತೆ ಒಂದೇ. ಉದ್ಘಾಟನೆ, ಬೀಳ್ಕೊಡುಗೆ, ಸಚಿವರ ಭೇಟಿ ಇತ್ಯಾದಿಗಳ ಲೆಕ್ಕವಿಲ್ಲದಷ್ಟು ಚಿತ್ರಗಳಲ್ಲಿ ನಾನು ಎರಡನೆಯ ಸಾಲಿನ ಎಡತುದಿಯಲ್ಲಿ ನಿಂತಿದ್ದೇನೆ. ಆ ಚಿತ್ರಗಳ ಬಿಲ್ಲುಗಳಿಗೆ ಸಹಿಯನ್ನೂ ಹಾಕಿದ್ದೇನೆ. ಹಣ ಕೊಡುವವನು ಚಿತ್ರದೊಳಗೆ ಯಾರಿರಬೇಕು, ಯಾರಿರಕೂಡದು ಎಂಬುದನ್ನು ಹೇಗೆ ನಿರ್ಧರಿಸುತ್ತಾನೆಂಬುದು ಆ ಬಿಲ್ಲುಗಳಿಂದ ನನಗೆ ತಿಳಿದುಬಂದಿದೆ.

ಈ ಸಭಾಂಗಣದ ಎರಡು ಗೋಡೆಗಳನ್ನು ನೀವೆಲ್ಲ ನೋಡಿದ್ದೀರಿ. ಬಲಗಡೆ ಇರುವವು ನಮ್ಮ ಸಂಘದ ಸದಸ್ಯರಾದ ವೃತ್ತಿನಿರತ ಛಾಯಾಗ್ರಾಹಕರು ಗಿರಾಕಿಗಳ ಬೇಡಿಕೆಯಂತೆ ತೆಗೆದುಕೊಟ್ಟ ಚಿತ್ರಗಳು: ಝವೇರಿ ಬಜಾರಿನ ಆಭರಣಗಳು, ಮದುವೆಯ ಮಂಟಪಗಳು, ಗಿರಣಿಗಳಿದ್ದ ಜಾಗದಲ್ಲಿ ಎದ್ದ ಗಗನಚುಂಬಿ ಕಟ್ಟಡಗಳು. ಎಡಗಡೆ ಇರುವವು ಅದೇ ವ್ಯಕ್ತಿ ಬೈಕುಲ್ಲಾ ನಿಲ್ದಾಣಕ್ಕೂ ತಮ್ಮ ಮನೆಗೂ ನಡುವೆ ಓಡಾಡುವಾಗ ಮೊಬೈಲಿನಲ್ಲಿ ಸೆರೆಹಿಡಿದವು: ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟುಗಳಿಗೆ ನೀರು ಚಿಮುಕಿಸುವ ಹೆಂಗಸು, ಖಡಾ ಪಾರ್ಸಿ ಪ್ರತಿಮೆಯ ಬಳಿ ಮಳೆ ನಿಲ್ಲಲೆಂದು ಕಾದಿರುವ ಟ್ಯಾಕ್ಸಿ ಚಾಲಕ, ಹೋಟೆಲಿನ ಹಿಂಬಾಗಿಲಲ್ಲಿ ಕುಳಿತು ನೀರುಳ್ಳಿ ಸುಲಿಯುವ ಯುವಕ. ಬಲಗಡೆಯದನ್ನು ಕಾಸಿನ ಚಿತ್ರವೆಂದೂ ಎಡಗಡೆಯದನ್ನು ಕಿಸೆಯ ಚಿತ್ರವೆಂದೂ ಕರೆಯುತ್ತೇನೆ. ಒಂದಕ್ಕೆ ಹಣ ಬರುತ್ತದೆ. ಇನ್ನೊಂದು ಕಿಸೆಯಿಂದ ಹೊರಬಂದು ಕಿಸೆಗೇ ಮರಳುತ್ತದೆ. ಒಂದು ಶ್ರೇಷ್ಠ, ಇನ್ನೊಂದು ಕನಿಷ್ಠ ಎಂದು ಸಾರಲು ನಾನು ಬಂದಿಲ್ಲ. ಮುಂಬಯಿಯ ಕನ್ನಡಿಗರಾದ ನಾವು ಈ ಎರಡರಲ್ಲಿ ಯಾವುದರಲ್ಲಿ ಉಳಿದಿದ್ದೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ಬೈಕುಲ್ಲಾದಲ್ಲಿ ಕೇಳುವುದಕ್ಕೆ ವಿಶೇಷ ಔಚಿತ್ಯವಿದೆ. ಮುಂಬಯಿಯಲ್ಲಿ ಛಾಯಾಚಿತ್ರ ಸಂಘ ಸ್ಥಾಪನೆಯಾದದ್ದು 1854ರಲ್ಲಿ. ಮಾರನೆಯ ವರ್ಷ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಛಾಯಾಗ್ರಹಣದ ತರಗತಿಯೇ ಆರಂಭವಾಯಿತು. ರಾಣಿಬಾಗಿನ ಪಕ್ಕದಲ್ಲಿರುವ ವಸ್ತುಸಂಗ್ರಹಾಲಯಕ್ಕೆ 1975ರಿಂದ ಯಾರ ಹೆಸರಿದೆಯೋ ಆ ಡಾ. ಭಾವು ದಾಜಿ ಲಾಡ್ ಅವರ ಸೋದರ ಡಾ. ನಾರಾಯಣ ದಾಜಿ ಈ ನಗರದ ಮೊದಲ ಭಾರತೀಯ ಛಾಯಾಗ್ರಾಹಕರಲ್ಲಿ ಒಬ್ಬರು. ವೃತ್ತಿಯಿಂದ ವೈದ್ಯರು, ಒಲವಿನಿಂದ ಕ್ಯಾಮೆರಾ ಹಿಡಿದವರು. ಕಿಸೆಯ ಚಿತ್ರದ ಪೂರ್ವಜರಲ್ಲಿ ಅವರನ್ನು ಸೇರಿಸಬಹುದು. ಆ ಕಾಲದ ಪೆಟ್ಟಿಗೆ ಯಾವ ಕಿಸೆಗೂ ಹಿಡಿಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಕಾಸಿನ ಚಿತ್ರದ ಕಥೆ ಇನ್ನೂ ಸ್ವಾರಸ್ಯಕರ, ಮತ್ತು ಅದು ನೇರವಾಗಿ ನಮಗೆ ಸಂಬಂಧಿಸಿದ್ದು. 1855ರಲ್ಲಿ ಮುಂಬಯಿ ಸರಕಾರವು ಕ್ಯಾಪ್ಟನ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಸರಕಾರಿ ಛಾಯಾಗ್ರಾಹಕನಾಗಿ ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆಗಳಿಗೆ ಕಳುಹಿಸಿತು. ಅದೇ ವರ್ಷದ ಕೊನೆಗೆ ಅವರನ್ನು ಸೈನ್ಯಕ್ಕೆ ಹಿಂದೆ ಕರೆಸಿಕೊಂಡು ಆ ಸ್ಥಾನಕ್ಕೆ ಡಾ. ಪಿಗೌ ಎಂಬ ಸೇನಾವೈದ್ಯರನ್ನು ನೇಮಿಸಲಾಯಿತು. (ಸರಕಾರಿ ವರ್ಗಾವಣೆಯ ಇತಿಹಾಸ ಎಷ್ಟು ಹಳೆಯದೆಂಬುದನ್ನು ನನ್ನ ಸಹೋದ್ಯೋಗಿಗಳು ಗಮನಿಸಬೇಕು.) ಇವರ ಮತ್ತು ನೀಲ್ ಎಂಬ ಮತ್ತೊಬ್ಬರ ಚಿತ್ರಗಳು ಸೇರಿ 1866ರಲ್ಲಿ ಧಾರವಾಡ ಹಾಗೂ ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಹಳೇಬೀಡು, ಹಂಪೆಗಳ ಆರಂಭಕಾಲದ ಛಾಯಾಚಿತ್ರಗಳು ಅದರಲ್ಲಿವೆ. ಅದರ ಪೋಷಕರು ಯಾರು ಗೊತ್ತೆ? ಹತ್ತಿಯ ರಾಜನೆಂದು ಹೆಸರಾದ ಪ್ರೇಮಚಂದ್ ರಾಯಚಂದ್. ಅವರ ಪ್ರೇಮೋದ್ಯಾನವೆಂಬ ಬಂಗಲೆ ಇದ್ದದ್ದು ಇದೇ ಬೈಕುಲ್ಲಾದಲ್ಲಿ.

ಈ ಹಣದ ಮೂಲವನ್ನು ಸ್ವಲ್ಪ ಯೋಚಿಸಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಾದಾಗ ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಹತ್ತಿಯಲ್ಲಿ ಧಾರವಾಡ ಸೀಮೆಯದೂ ಇತ್ತು. ಯುದ್ಧ ಮುಗಿಯಿತು, 1865ರಲ್ಲಿ ಮುಂಬಯಿಯ ಷೇರು ಪೇಟೆ ಕುಸಿಯಿತು, ಪ್ರೇಮಚಂದರು ಅಪಾರ ನಷ್ಟಕ್ಕೊಳಗಾದರು. ಗ್ರಂಥ ಹೊರಬರುವ ಹೊತ್ತಿಗೆ ಡಾ. ಪಿಗೌ ತೀರಿಕೊಂಡಾಗಿತ್ತು. ಉಳಿದದ್ದು ಚಿತ್ರಗಳು ಮಾತ್ರ. ಅಂದರೆ ನಮ್ಮ ಎರೆಮಣ್ಣಿನ ಹತ್ತಿಯ ಕಾಸಿನಲ್ಲಿ ಒಂದಂಶ ಬೈಕುಲ್ಲಾಕ್ಕೆ ಬಂದು, ಮರಳಿ ನಮ್ಮ ಗುಡಿಗಳ ಚಿತ್ರವಾಯಿತೆಂದರೆ ತೀರ ಉತ್ಪ್ರೇಕ್ಷೆಯಾಗಲಾರದು. ಆದರೆ ಆ ಹತ್ತಿಯನ್ನು ಬಿಡಿಸಿದ ಕೈಗಳು ಆ ಗ್ರಂಥದ ವಿಷಯವಾಗಲಿಲ್ಲ. ಅಂದಿನ ಕಾಗದದ ನೆಗೆಟಿವ್ ಮೇಲೆ ಬಿಂಬ ಮೂಡಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ನಡೆದಾಡುವ ಮನುಷ್ಯ ಅದರಲ್ಲಿ ಮೂಡದೆ ಕರಗಿಹೋಗುತ್ತಿದ್ದ. ಕಂಬದ ಎತ್ತರ ತಿಳಿಯಲೆಂದು ಯಾರನ್ನಾದರೂ ಅಲುಗದೆ ನಿಲ್ಲಿಸಿದರೆ ಮಾತ್ರ ಮನುಷ್ಯ ಕಾಣುತ್ತಿದ್ದ, ಅದೂ ಅಳತೆಗೋಲಾಗಿ. ತಂತ್ರದ ಮಿತಿ ಅದಕ್ಕೆ ಅರ್ಧ ಕಾರಣ. ಕಾಸು ಕೊಟ್ಟವರಿಗೆ ಬೇಕಾದದ್ದು ಕಲ್ಲು ಮಾತ್ರ ಎಂಬುದು ಇನ್ನರ್ಧ.

ಹವ್ಯಾಸಿಗಳ ಸಾಧನೆಯೂ ಕಡಿಮೆಯದಲ್ಲ. 1856ರಲ್ಲಿ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ಹಂಪೆಯಲ್ಲಿ ದೊಡ್ಡ ಅಳತೆಯ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದರು. ಅವು ಶತಮಾನಕ್ಕೂ ಮಿಕ್ಕಿ ಕಣ್ಮರೆಯಾಗಿದ್ದು 1980ರ ಸುಮಾರಿಗೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ನಡುವಣ ಕಾಲದಲ್ಲಿ ಹಂಪೆ ಕಳೆದುಕೊಂಡದ್ದೆಷ್ಟು ಎಂಬುದು ಕಣ್ಣಿಗೆ ಕಟ್ಟಿತು. ಹವ್ಯಾಸಿಯ ಕೆಲಸ ಪುರಾತತ್ತ್ವಕ್ಕೆ ಸಾಕ್ಷ್ಯವಾಯಿತು. ಆದರೆ ಅದು ಸಾಧ್ಯವಾದದ್ದು ಆ ನೆಗೆಟಿವ್‌ಗಳು ಉಳಿದುಬಂದದ್ದರಿಂದ.

ವೃತ್ತಿಯಲ್ಲಿದ್ದುಕೊಂಡೇ ಕಾಸಿನ ಗೆರೆಯನ್ನು ದಾಟಿದವರಿಲ್ಲವೆಂದಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (1923-2009) 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಸೇರಿ, ಅನಂತರ ಇದೇ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ಕೆಲಸ ಮಾಡಿ, ಮುಂದೆ ಲೈಫ್‌ನಂತಹ ಪತ್ರಿಕೆಗಳಿಗೂ ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೂ ಚಿತ್ರ ತೆಗೆದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಬೇಡಿಕೆಗೆ ತೆಗೆದದ್ದು ಯಾವುದು, ತಮ್ಮ ಸಂತೋಷಕ್ಕೆ ತೆಗೆದದ್ದು ಯಾವುದು ಎಂದು ಬೇರ್ಪಡಿಸುವುದು ನನಗಂತೂ ಸಾಧ್ಯವಾಗಿಲ್ಲ. ಮುಂಬಯಿಯ ಪತ್ರಿಕಾ ಛಾಯಾಗ್ರಾಹಕ ಸುಧಾರಕ ಓಲ್ವೆ ಅವರೂ ದಿನದ ಕೆಲಸದ ಜೊತೆಗೆ ಮಹಾನಗರಪಾಲಿಕೆಯ ಸಫಾಯಿ ಕಾರ್ಮಿಕರ ಬದುಕನ್ನು ವರ್ಷಗಟ್ಟಲೆ ಚಿತ್ರಿಸಿದರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚರಂಡಿಗಿಳಿಯುವವನ ಚಿತ್ರ ಬೇಕೆಂದು ಕೇಳಿಕೊಂಡು ಬರುವ ಗಿರಾಕಿ ಸಾಮಾನ್ಯವಾಗಿ ಸಿಗುವುದಿಲ್ಲ.

ಇನ್ನು ನಮ್ಮ ವಿಷಯಕ್ಕೆ ಬರೋಣ. ಮುಂಬಯಿ ಕನ್ನಡಿಗರ ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ. ಹಾರ ಹಾಕಿಸಿಕೊಳ್ಳುವವರು, ದೀಪ ಬೆಳಗುವವರು, ಕುರ್ಚಿಯಲ್ಲಿ ಕುಳಿತ ಅತಿಥಿಗಳು, ಹಿಂದೆ ನಿಂತ ಕಾರ್ಯಕಾರಿ ಸಮಿತಿ, ಎಲ್ಲರಿಗಿಂತ ಮುಂದೆ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಹುಡುಗರು. ಕುಳಿತ ಅತಿಥಿಗಳ ಹೆಸರು ಎಡದಿಂದ ಬಲಕ್ಕೆ ಅಚ್ಚಾಗಿರುತ್ತದೆ. ಹುಡುಗರಿಗೆ 'ವಿದ್ಯಾರ್ಥಿವೃಂದ' ಎಂಬ ಒಂದೇ ಹೆಸರು. ಈ ನಗರದ ಕನ್ನಡ ರಾತ್ರಿಶಾಲೆಗಳು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಕೈಗೆ ಪೆನ್ಸಿಲು ಕೊಟ್ಟ ಸಂಸ್ಥೆಗಳು. ಅವುಗಳ ವಾರ್ಷಿಕೋತ್ಸವದ ಚಿತ್ರಗಳನ್ನು ಬೇಕಾದಷ್ಟು ಕಂಡಿದ್ದೇನೆ. ಬಲ್ಬಿನ ಕೆಳಗೆ ನಿದ್ದೆ ತಡೆದುಕೊಂಡು ಲೆಕ್ಕ ಬಿಡಿಸುವ ಹುಡುಗನ ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಛಾಯಾಗ್ರಾಹಕನನ್ನು ದೂರುವಂತಿಲ್ಲ. ಅವನನ್ನು ನಾವು ಕರೆಸಿದ್ದು ವಾರ್ಷಿಕೋತ್ಸವಕ್ಕೆ ಮಾತ್ರ. ತರಗತಿಗೆ ಕರೆಸಲೇ ಇಲ್ಲ. ಪ್ರೇಮಚಂದರಿಗೆ ಕಲ್ಲು ಬೇಕಾಗಿತ್ತು, ನಮಗೆ ಅತಿಥಿಗಳು ಬೇಕಾಗಿದ್ದರು.

ಹಾಗಾದರೆ ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇರುವಾಗ ಈ ಕೊರತೆ ತಾನಾಗಿಯೇ ತುಂಬಿತಲ್ಲವೇ ಎಂದು ನೀವು ಕೇಳಬಹುದು. ಇದನ್ನೇ ನಾನು ನಮ್ಮ ಛಾಯಾಗ್ರಾಹಕರಲ್ಲಿ ಕೇಳಿದೆ. ಅವರು ನನ್ನನ್ನು ನೀರುಳ್ಳಿ ಸುಲಿಯುವ ಯುವಕನ ಚಿತ್ರದ ಮುಂದೆ ನಿಲ್ಲಿಸಿ, "ರಾಯರೇ, ಇದರಲ್ಲಿ ಒಂದು ಸುಳ್ಳಿದೆ, ಹುಡುಕಿ" ಎಂದರು. ನನಗೆ ಕಾಣಲಿಲ್ಲ. ಬೆಳಗಿನ ಜಾವ ಆ ಓಣಿಯಲ್ಲಿ ಅಷ್ಟು ಬೆಳಕಿರಲೇ ಇಲ್ಲವಂತೆ. ಮೊಬೈಲಿನ ಕಣ್ಣು ಬಹಳ ಸಣ್ಣದು. ಆದ್ದರಿಂದ ಅದು ಕತ್ತಲಲ್ಲಿ ಒಂದರ ಹಿಂದೊಂದು ಹಲವು ಬಿಂಬಗಳನ್ನು ಹಿಡಿದು, ಲೆಕ್ಕ ಹಾಕಿ, ಒಂದಾಗಿ ಹೆಣೆದು ಕೊಡುತ್ತದೆ. ಕತ್ತಲು ತಿಳಿಯಾಗುತ್ತದೆ, ಮುಖ ನುಣುಪಾಗುತ್ತದೆ, ಬಾಗಿಲಿನಿಂದ ಹೊರಬರುತ್ತಿದ್ದ ಇಡ್ಲಿಯ ಹಬೆ ಅಳಿಸಿಹೋಗುತ್ತದೆ. "ಆ ಹಬೆಯನ್ನು ಹಿಡಿಯಬೇಕಾದರೆ ದೊಡ್ಡ ಕ್ಯಾಮೆರಾ ಬೇಕು, ಮೂರು ದಿನ ಹೋಗಿ ಕುಳಿತುಕೊಳ್ಳಬೇಕು. ಆ ಮೂರು ದಿನಕ್ಕೆ ಯಾರು ಕೊಡುತ್ತಾರೆ?" ಎಂದು ಅವರು ಕೇಳಿದರು. ಹುಟ್ಟುಹಬ್ಬ, ನಾಮಕರಣಗಳಂತಹ ಸಣ್ಣ ಕೆಲಸಗಳು ಈಗ ಬರುವುದಿಲ್ಲ, ಅವನ್ನು ಮನೆಯವರೇ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಾರೆ ಎಂದೂ ಹೇಳಿದರು. ಕಿಸೆಯ ಚಿತ್ರ ಅವರಿಗೆ ಸ್ವಾತಂತ್ರ್ಯ ಕೊಟ್ಟಿದೆ. ಅವರ ಅನ್ನದ ತಟ್ಟೆಗೂ ಕೈ ಹಾಕಿದೆ.

ಇನ್ನೊಂದು ಸಂಗತಿ ಕಾನೂನಿಗೆ ಸಂಬಂಧಿಸಿದ್ದು. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ, ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರದ ಮೊದಲ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರದು. ತನ್ನ ಇಚ್ಛೆಯಿಂದ ತನಗಾಗಿ ತೆಗೆದದ್ದು ತೆಗೆದವರದು. ಆದರೆ ಸ್ವಾಮ್ಯ ಯಾರದೇ ಆಗಿರಲಿ, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ಪ್ರಕರಣ ಕರ್ತೃವಿನ ಬಳಿಯೇ ಉಳಿಸಿದೆ. ನಾನು ಕಂಡ ಸಂಚಿಕೆಗಳಲ್ಲಿ ಲೇಖಕರ ಹೆಸರಿದೆ, ಜಾಹೀರಾತುದಾರರ ಹೆಸರಿದೆ, ಊಟದ ವ್ಯವಸ್ಥೆ ಮಾಡಿದವರಿಗೆ ಕೃತಜ್ಞತೆಯೂ ಇದೆ. ಛಾಯಾಗ್ರಾಹಕನ ಹೆಸರು ಬಹುಮಟ್ಟಿಗೆ ಇಲ್ಲ. ಇಂದು ಪ್ರತಿ ಚಿತ್ರದ ಕೆಳಗೂ ತೆಗೆದವರ ಹೆಸರನ್ನು ಬರೆದ ಸಂಘಟಕರನ್ನು ಅದಕ್ಕಾಗಿ ಅಭಿನಂದಿಸುತ್ತೇನೆ.

ಕಿಸೆಯ ಚಿತ್ರಕ್ಕಂತೂ ಅನಾಮಿಕತೆಯ ಅಪಾಯ ಇನ್ನೂ ಹೆಚ್ಚು. ಮೊಬೈಲು ಚಿತ್ರ ತೆಗೆದಾಗ ದಿನಾಂಕ, ಸಮಯ, ಕೆಲವೊಮ್ಮೆ ಸ್ಥಳವನ್ನೂ ಆ ಚಿತ್ರದ ಒಡಲಲ್ಲೇ ಬರೆದಿಡುತ್ತದೆ. ಅದನ್ನು ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳುಹಿಸಿದೊಡನೆ ಚಿತ್ರ ಕುಗ್ಗುತ್ತದೆ, ಆ ಬರಹ ಅಳಿಯುತ್ತದೆ. ಹತ್ತು ಕೈ ದಾಟಿ ಬಂದ ಚಿತ್ರ ಯಾರದು, ಎಲ್ಲಿಯದು, ಯಾವ ವರ್ಷದ್ದು ಎಂದು ಹೇಳುವವರಿಲ್ಲ. ಅಜ್ಜನ ಕಾಲದ ಗುಂಪು ಚಿತ್ರದ ಹಿಂಭಾಗದಲ್ಲಿ ಸ್ಟುಡಿಯೋದ ಮೊಹರಾದರೂ ಇರುತ್ತಿತ್ತು. ಸಾವಿರಾರು ಚಿತ್ರಗಳ ನಡುವೆ ಕುಳಿತಿರುವ ನಾವು ನಮ್ಮ ಮೊಮ್ಮಕ್ಕಳಿಗೆ ಅಜ್ಜನಿಗಿಂತಲೂ ಕಡಿಮೆ ಸಾಕ್ಷ್ಯ ಬಿಟ್ಟುಹೋಗುವ ಸಂಭವವಿದೆ.

ಚಿತ್ರದಲ್ಲಿರುವವರ ಮಾತೂ ಬರಬೇಕು. ನೀರುಳ್ಳಿ ಸುಲಿಯುವ ಯುವಕ ಕುಂದಾಪುರದ ಕಡೆಯವನಂತೆ. ಚಿತ್ರವನ್ನು ಗೋಡೆಗೆ ಹಾಕುವ ಮುನ್ನ ನಮ್ಮ ಛಾಯಾಗ್ರಾಹಕರು ಅವನನ್ನು ಕೇಳಿದರು. ಅವನು ಒಪ್ಪಿದ, ಆದರೆ ಊರಿನಲ್ಲಿ ತಾನು ಕೌಂಟರಿನಲ್ಲಿ ಕೂರುವುದಾಗಿ ಹೇಳಿರುವುದರಿಂದ ಹೆಸರು ಬರೆಯಕೂಡದೆಂದ. ಹೆಸರು ಬೇಕೇ ಬೇಕೆಂದು ಹಟ ಹಿಡಿಯುವ ನನ್ನಂತಹವನು ಇಲ್ಲಿ ಸುಮ್ಮನಿರಬೇಕು. ಅತಿಥಿಗೆ ಹೆಸರು ಗೌರವ. ಅವನಿಗೆ ಅದು ಇನ್ನೂ ತೊಂದರೆಯಾಗಿರುವುದು ಯಾಕೆಂದು ಅತಿಥಿಗಳ ಸಾಲಿನಲ್ಲಿ ಕೂರುವ ನಾವು ವಿಚಾರ ಮಾಡಬೇಕು. ಸಂಗ್ರಹದ ದಾಖಲೆಯಲ್ಲಿ ಅವನ ಹೆಸರನ್ನು ಬರೆದು ಮುಚ್ಚಿಡಲು ಅವನು ಒಪ್ಪಿದ್ದಾನೆ.

ಬೈಕುಲ್ಲಾ ನಿಲ್ದಾಣದ ಜೀರ್ಣೋದ್ಧಾರಕ್ಕೆ 2022ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ಸಂದಿತು. 1853ರಲ್ಲಿ ಠಾಣೆಗೆ ಹೊರಟ ಮೊದಲ ರೈಲು ಸಾಗಿದ ದಾರಿಯ ಆ ನಿಲ್ದಾಣದ ಕಮಾನುಗಳ ಚಿತ್ರಗಳಿಗೆ ಇನ್ನು ಕೊರತೆಯಾಗದು. ಆ ಕಮಾನುಗಳ ಕೆಳಗೆ ಇಳಿದು, ಟ್ರಂಕು ಹೊತ್ತು, ಊರಿನವರ ಹೋಟೆಲನ್ನು ಹುಡುಕಿಕೊಂಡು ನಡೆದವರ ಚಿತ್ರಕ್ಕೆ ಪ್ರಶಸ್ತಿಯೂ ಇಲ್ಲ, ಪೋಷಕರೂ ಇಲ್ಲ. ಆ ಪೋಷಣೆಯ ಕೆಲಸ ಸಂಘದ್ದು.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದಿನ ಸಭೆಗೆ ಎರಡು ಸೂಚನೆಗಳನ್ನು ಲಿಖಿತವಾಗಿ ಕೊಟ್ಟಿದ್ದೇನೆ. ಸದಸ್ಯರು ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಕುಗ್ಗಿಸದೆ, ತೆಗೆದವರ ಹೆಸರು, ಸ್ಥಳ, ದಿನಾಂಕ ಮತ್ತು ಚಿತ್ರದಲ್ಲಿರುವವರ ಒಪ್ಪಿಗೆಯೊಡನೆ ಸಂಘದ ಕಚೇರಿಯಲ್ಲಿ ಸಂಗ್ರಹಿಸತಕ್ಕದ್ದು. ಎರಡನೆಯದಾಗಿ, ಈ ವರ್ಷದ ವಾರ್ಷಿಕೋತ್ಸವದ ಚಿತ್ರಗಳಿಗೆಂದು ಇಟ್ಟಿರುವ ಮೊತ್ತದಲ್ಲಿ ಅರ್ಧವನ್ನು ತೆಗೆದು, ಬೆಳಗಿನ ಜಾವದ ಹೋಟೆಲ್ ಅಡುಗೆಮನೆಯ ಮೂರು ದಿನದ ಚಿತ್ರೀಕರಣವನ್ನು ನಮ್ಮ ಛಾಯಾಗ್ರಾಹಕರಿಗೆ ವಹಿಸತಕ್ಕದ್ದು. ಅತಿಥಿಗಳ ಹಾರದ ಚಿತ್ರಗಳು ಸ್ವಲ್ಪ ಕಡಿಮೆಯಾದಾವು. ಅತಿಥಿಗಳು ಕ್ಷಮಿಸುತ್ತಾರೆಂದು ನಂಬಿದ್ದೇನೆ, ನಾನೂ ಅವರಲ್ಲಿ ಒಬ್ಬನಲ್ಲವೇ! ಖರ್ಚಿನ ಅಂದಾಜನ್ನು ಅವರಿಂದಲೇ ಕೇಳಿ ಪಡೆಯಬೇಕು. ಸಂಘದ ಕೆಲಸವಲ್ಲವೇ, ಉಚಿತವಾಗಿ ಮಾಡಿಕೊಡಿ ಎಂದು ಮಾತ್ರ ಯಾರೂ ಅವರನ್ನು ಕೇಳಕೂಡದು.