ಗೋಲು ಹೊಡೆಯದ ಸ್ಟ್ರೈಕರ್



ಬೆಂಗಳೂರಿನ ಹಲಸೂರಿನ ಬಳಿ ಗೌತಮಪುರ ಅಂತ ಒಂದು ಬಡಾವಣೆ. ಅಲ್ಲಿ ಪೆಲೆಯ ಪ್ರತಿಮೆ ಇದೆ. ಅಷ್ಟು ಫುಟ್‌ಬಾಲ್ ಪ್ರೀತಿ ಅಲ್ಲಿನ ಜನಕ್ಕೆ. ಇಂಥ ಕಡೆ ಆಡುವ ಹುಡುಗರನ್ನು, ‘ಎಲ್ಲಿ ಆಡ್ತೀಯಪ್ಪ?’ ಅಂತ ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ: ‘ಫಾರ್ವರ್ಡ್.’ ಎಲ್ಲರಿಗೂ ಗೋಲು ಹೊಡೆಯುವ ಆಸೆ. ಅದು ಸಹಜವೇ.

ಆದರೆ ಮುಂದೆ ನಿಂತು ಆಡುವ ಈ ಸ್ಟ್ರೈಕರ್‌ಗಳೆಲ್ಲ ಒಂದೇ ಥರ ಇರುವುದಿಲ್ಲ. ಒಬ್ಬ ಗೋಲಿನ ಹತ್ತಿರವೇ ಹೊಂಚು ಹಾಕುತ್ತಾನೆ. ಜರ್ಮನಿಯ ಗೆರ್ಡ್ ಮುಲ್ಲರ್ ಹಾಗಿದ್ದ. 1974ರ ವಿಶ್ವಕಪ್ ಫೈನಲ್‌ನಲ್ಲಿ ಗೆಲುವಿನ ಗೋಲು ಅವನದೇ. ಇನ್ನೊಬ್ಬನಿಗೆ ಓಟವೇ ಬಲ.

ನನಗೆ ತುಂಬ ಇಷ್ಟವಾಗುವವನು ಮೂರನೆಯವನು. ಅವನು ಗೋಲಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ದೂರದಿಂದ ಬಂದ ಚೆಂಡನ್ನು ಎದೆಯ ಮೇಲೆ ತಡೆಯುತ್ತಾನೆ. ಹಿಂದಿನಿಂದ ಎದುರಾಳಿ ನೂಕುತ್ತಿರುತ್ತಾನೆ. ಅಲುಗಾಡದೆ, ಓಡಿಬರುವ ಗೆಳೆಯನ ಕಾಲಿಗೆ ಚೆಂಡು ಕೊಡುತ್ತಾನೆ. ಗೋಲು ಗೆಳೆಯನ ಹೆಸರಿಗೆ.

ಫ್ರಾನ್ಸಿನ ಒಲಿವಿಯೇ ಜಿರೂ ಇಂಥ ಆಟಗಾರ. 2018ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಿತು. ಆ ಇಡೀ ಟೂರ್ನಿಯಲ್ಲಿ ಜಿರೂ ಒಂದೂ ಗೋಲು ಹೊಡೆಯಲಿಲ್ಲ. ಆದರೂ ಕೋಚ್ ದೆಶಾಂ ಅವನನ್ನು ಫೈನಲ್‌ನಲ್ಲೂ ಆಡಿಸಿದರು. ಅವನು ಡಿಫೆಂಡರ್‌ಗಳನ್ನು ತನ್ನತ್ತ ಎಳೆದಾಗ ಜೊತೆ ಆಟಗಾರರಾದ ಎಂಬಾಪೆ, ಗ್ರೀಜ್‌ಮನ್‌ಗೆ ಜಾಗ ಸಿಗುತ್ತಿತ್ತು. ಇಬ್ಬರೂ ನಾಲ್ಕು ನಾಲ್ಕು ಗೋಲು ಹೊಡೆದರು.

ಇವತ್ತು ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಆಡಿ ಬಂದರೆ, ‘ಎಷ್ಟು ಗೋಲು ಹೊಡೆದೆ?’ ಅಂತಷ್ಟೇ ಕೇಳಬೇಡಿ. ‘ಯಾರಿಗೆ ಚೆಂಡು ಕೊಟ್ಟೆ?’ ಅಂತಲೂ ಕೇಳಿ.